ದಿನದ ಕೂಲಿ, ಗಂಟೆಯ ಕೂಲಿ

ಪೆನುಕೊಂಡಕ್ಕೂ ಪಾವಗಡಕ್ಕೂ ಹೆಚ್ಚುಕಡಿಮೆ ನಡುಮಧ್ಯದಲ್ಲಿ, ವರ್ಷದ ಬಹುಭಾಗ ನೀರಿಗಿಂತ ಮರಳನ್ನೇ ಹೆಚ್ಚಾಗಿ ಹೊತ್ತಿರುವ ಪೆನ್ನಾರಿನ ಆಸರೆಯಲ್ಲಿ ಬೆಳೆದ ರೊದ್ದಂ, ಶಾಸನಗಳ ಕಾಲದಲ್ಲಿ ಒಂದು ನಾಡಿಗೇ ತನ್ನ ಹೆಸರನ್ನು ಕೊಟ್ಟಿದ್ದ ಊರು. ಹೇಮಾವತಿಯ ನೊಳಂಬರು, ನಿಡುಗಲ್ಲಿನ ಚೋಳರು, ವಿಜಯನಗರದ ಅರಸರು ಒಬ್ಬರಾದ ಮೇಲೊಬ್ಬರು ಆಳಿ ಹೋದ ಈ ಸೀಮೆ 1800ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ದತ್ತವಾಗಿ, 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆಗೆ ಸೇರಿ, 1953ರಲ್ಲಿ ಆಂಧ್ರ ರಾಜ್ಯಕ್ಕೆ ಸಂದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಗಿದೆ. ಆಳುವವರು ಬದಲಾದಂತೆ ಕಚೇರಿಯ ಭಾಷೆ ಬದಲಾಯಿತು. ಮಡಕಶಿರ, ರೊಳ್ಳ, ಅಗಳಿ, ಅಮರಾಪುರಗಳ ಕಡೆಯಿಂದ ಇಲ್ಲಿಯವರೆಗೆ ಮನೆಗಳಲ್ಲಿ ಕನ್ನಡವೂ ಸಂತೆಯಲ್ಲಿ ತೆಲುಗೂ ಸಾಗುತ್ತ ಬಂದಿವೆ. ಬದಲಾಗದೆ ಉಳಿದದ್ದು ಕೂಲಿ. ಮಳೆ ಬಂದ ವರ್ಷ ಶೇಂಗಾ ಹೊಲದ ಕೂಲಿ, ಬಾರದ ವರ್ಷ ಬೆಂಗಳೂರಿನ ಕಟ್ಟಡದ ಕೂಲಿ.

ಇಂತಹ ಊರಿನಲ್ಲಿ ನಿಂತು ಏಷ್ಯಾ ಖಂಡದ ಎರಡು ದೇಶಗಳ ವೇತನವನ್ನು ತೂಗಿನೋಡಬೇಕೆಂಬ ಆಲೋಚನೆ ಮೂವತ್ತು ವರ್ಷಗಳ ಹಿಂದೆ ಯಾರಿಗೂ ಬರುತ್ತಿರಲಿಲ್ಲ. ಈಗ ಅದು ತಾನಾಗಿ ಬರುತ್ತದೆ. ರೊದ್ದಂನಿಂದ ಪೂರ್ವಾಭಿಮುಖವಾಗಿ ಹೊರಟು ಪೆನುಕೊಂಡದ ಬೆಟ್ಟವನ್ನು ಬಳಸಿ ಬೆಂಗಳೂರು-ಹೈದರಾಬಾದ್ ಹೆದ್ದಾರಿಯನ್ನು ಸೇರಿದರೆ ಎರ್ರಮಂಚಿಯ ಬಳಿ ದಕ್ಷಿಣ ಕೊರಿಯಾದ ಕಿಯಾ ಕಂಪನಿಯ ಕಾರಿನ ಕಾರ್ಖಾನೆ ಕಾಣುತ್ತದೆ. 2017ರ ಏಪ್ರಿಲಿನಲ್ಲಿ ಆಂಧ್ರ ಸರ್ಕಾರದೊಡನೆ ಒಪ್ಪಂದವಾಗಿ, 536 ಎಕರೆ ಭೂಮಿಯಲ್ಲಿ ನೂರು ಕೋಟಿ ಡಾಲರಿಗೆ ಮಿಗಿಲಾದ ಬಂಡವಾಳದಿಂದ ಮೇಲೆದ್ದು, 2019ರ ಆಗಸ್ಟಿನಲ್ಲಿ ಸೆಲ್ಟೋಸ್ ಎಂಬ ಮೊದಲ ಕಾರನ್ನು ಮಾರುಕಟ್ಟೆಗೆ ಕಳುಹಿಸಿದ ಈ ಕಾರ್ಖಾನೆಗೆ ನೀರು ಬರುವುದು ಹಂದ್ರಿ-ನೀವಾ ಯೋಜನೆಯ ಗೊಲ್ಲಪಲ್ಲಿ ಜಲಾಶಯದಿಂದ. ಕೆಲಸಗಾರರು ಬರುವುದು ಸುತ್ತಣ ಮಂಡಲಗಳಿಂದ. ಇನ್ನು ಪಶ್ಚಿಮಕ್ಕೆ ತಿರುಗಿದರೆ ಕರ್ನಾಟಕದ ಗಡಿ. ಅದರಾಚೆ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರಗಳ ಸುತ್ತ ಹದಿಮೂರು ಸಾವಿರ ಎಕರೆಗಳಲ್ಲಿ ಹಬ್ಬಿದ ಸೋಲಾರ್ ಫಲಕಗಳು. ಅಲ್ಲಿ ಹೊಲವಿದ್ದವರು ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾದ ಗುತ್ತಿಗೆಯ ಹಣವನ್ನು ಪಡೆದರು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ ಕೀಳಲು ಕಳೆ ಉಳಿಯಲಿಲ್ಲ. ಬಿಸಿಲನ್ನು ಬಾಡಿಗೆಗೆ ಕೊಡುವ ಊರಿಗೂ ಕಾರನ್ನು ಜೋಡಿಸುವ ಊರಿಗೂ ನಡುವೆ, ದಿನಗೂಲಿಯ ರೊದ್ದಂ.

ಮೊದಲು ಅತ್ಯಂತ ಸಮೀಪದ ವ್ಯತ್ಯಾಸವನ್ನೇ ನೋಡೋಣ, ಅದಕ್ಕೆ ಸಮುದ್ರವನ್ನು ದಾಟಬೇಕಾಗಿಲ್ಲ. ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿಯನ್ನು ಕೇಂದ್ರ ಸರ್ಕಾರ ರಾಜ್ಯವಾರು ಗೊತ್ತುಮಾಡುತ್ತದೆ. 2025-26ನೆಯ ಸಾಲಿಗೆ ಆಂಧ್ರಪ್ರದೇಶಕ್ಕೆ ದಿನಕ್ಕೆ 307 ರೂಪಾಯಿ, ಕರ್ನಾಟಕಕ್ಕೆ 370. ರೊದ್ದಂನ ಕೆರೆಯ ಹೂಳಿಗೂ ಪಾವಗಡದ ಕೆರೆಯ ಹೂಳಿಗೂ ಗುಣದಲ್ಲಿ ಭೇದವಿಲ್ಲ, ಗುದ್ದಲಿಯ ತೂಕದಲ್ಲಿ ಭೇದವಿಲ್ಲ, ತಲೆಯ ಮೇಲಣ ಸೂರ್ಯನಲ್ಲಂತೂ ಭೇದವೇ ಇಲ್ಲ. ಆದರೂ ಒಂದು ಗಡಿಕಲ್ಲಿನ ಅಂತರದಲ್ಲಿ ದಿನವೊಂದಕ್ಕೆ 63 ರೂಪಾಯಿಗಳ ಅಂತರ ಬೀಳುತ್ತದೆ. ಈ ಯೋಜನೆಯನ್ನು 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ ಸಿಂಗರು ದೇಶಕ್ಕೆಲ್ಲ ಮೊದಲಾಗಿ ಉದ್ಘಾಟಿಸಿದ್ದು ಇದೇ ಅನಂತಪುರ ಸೀಮೆಯ, ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಸ್ಥಾನಕ್ಕೆ 125 ದಿನಗಳ ಭರವಸೆಯುಳ್ಳ ಬೇರೊಂದು ಕಾಯಿದೆಯನ್ನು ತಂದಿತು. ಇಲ್ಲಿನ ಹೆಂಗಸರ ಬಾಯಲ್ಲಿ ಮಾತ್ರ ಅದು ಇಂದಿಗೂ 'ಕರುವು ಪನಿ', ಬರಗಾಲದ ಕೆಲಸ.

ಈಗ ಕೊರಿಯಾ. ಅಲ್ಲಿ 2026ನೆಯ ವರ್ಷಕ್ಕೆ ಗೊತ್ತಾಗಿರುವ ಕನಿಷ್ಠ ವೇತನ ಗಂಟೆಗೆ 10,320 ವೊನ್. ನಮ್ಮ ಹಣದಲ್ಲಿ ಆರುನೂರು ರೂಪಾಯಿಗಳ ಮೇಲೆ. ರೊದ್ದಂನ 307ನ್ನು ಎಂಟು ಗಂಟೆಗಳಿಗೆ ಹಂಚಿದರೆ ಗಂಟೆಗೆ 38 ರೂಪಾಯಿ ಚಿಲ್ಲರೆ. ಹದಿನಾರು ಪಟ್ಟು! ಪತ್ರಿಕೆಗಳ ತಲೆಬರಹಕ್ಕೆ ಇಷ್ಟು ಸಾಕು. ವಾಚಕರ ನಿಟ್ಟುಸಿರಿಗೂ ಸಾಕು. ಆದರೆ ಈ ಗುಣಾಕಾರದಿಂದ ತಿಳಿಯುವುದು ಬಹಳ ಸ್ವಲ್ಪ ಎಂದು ನನಗೆ ತೋರುತ್ತದೆ. ಸೋಲ್ ನಗರದ ಸಾಧಾರಣ ಊಟದ ಮನೆಯಲ್ಲಿ ಒಂದು ಬಟ್ಟಲು ಬಿಬಿಂಬಾಪ್, ಎಂದರೆ ಸೊಪ್ಪು ತರಕಾರಿಗಳನ್ನು ಕಲಸಿ ಉಣ್ಣುವ ಅನ್ನ, ಈಗ ಹನ್ನೊಂದು ಸಾವಿರ ವೊನ್‌ಗಳನ್ನು ದಾಟಿದೆ. ಗಂಟೆಯೊಂದರ ಕನಿಷ್ಠ ಕೂಲಿಯಿಂದ ಒಂದು ಬಟ್ಟಲು ಅನ್ನ ಹುಟ್ಟುವುದಿಲ್ಲ. ಆಂಧ್ರದ ಅಣ್ಣ ಕ್ಯಾಂಟೀನಿನಲ್ಲಿ ಊಟಕ್ಕೆ ಐದು ರೂಪಾಯಿ.

ಆದಕಾರಣ ಪ್ರತಿಯೊಂದು ದೇಶದ ಕೂಲಿಯನ್ನು ಆ ದೇಶದ ವರಮಾನದೊಡನೆಯೇ ಹೋಲಿಸಿ ನೋಡುವುದು ನ್ಯಾಯ. ಕೊರಿಯಾದ ತಲಾ ಆದಾಯ ವರ್ಷಕ್ಕೆ ಸುಮಾರು ಐದು ಕೋಟಿ ವೊನ್. ಕನಿಷ್ಠ ವೇತನದ ಮೇಲೆ ವರ್ಷವಿಡೀ ದುಡಿದವನಿಗೆ ದೊರೆಯುವುದು ಎರಡೂವರೆ ಕೋಟಿಗಿಂತ ತುಸು ಹೆಚ್ಚು. ಅರ್ಧ ಎಂದಾಯಿತು. ಭಾರತದ ತಲಾ ಆದಾಯ ಎರಡು ಲಕ್ಷದ ಆಸುಪಾಸು. 307 ರೂಪಾಯಿಯಂತೆ ವರ್ಷದಲ್ಲಿ ಮುನ್ನೂರು ದಿನ ಕೂಲಿ ಸಿಕ್ಕಿದರೆ 92,100, ಎಂದರೆ ಅದೂ ಅರ್ಧಕ್ಕೆ ಹತ್ತಿರ. ಈ ಲೆಕ್ಕದಲ್ಲಿ ಸೋಲ್‌ನ ಅಂಗಡಿಯಾಳಿಗೂ ರೊದ್ದಂನ ಕೂಲಿಯಾಳಿಗೂ ದರದಲ್ಲಿ ಅಂತಹ ಅಗಾಧ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸವಿರುವುದು 'ಸಿಕ್ಕಿದರೆ' ಎಂಬಲ್ಲಿ. ಖಾತ್ರಿಯ ನೂರು ದಿನಗಳಲ್ಲಿ ಕುಟುಂಬವೊಂದಕ್ಕೆ ದೇಶದ ಸರಾಸರಿಯಂತೆ ದೊರೆಯುತ್ತಿದ್ದುದು ಐವತ್ತರ ಸುತ್ತಮುತ್ತ; ಉಳಿದ ದಿನಗಳು ಹೊಲದವನ, ಮೇಸ್ತ್ರಿಯ, ಇಟ್ಟಿಗೆ ಗೂಡಿನವನ ಮರ್ಜಿಗೆ ಬಿಟ್ಟವು.

ಇದಕ್ಕಿಂತ ಆಳವಾದ ಭೇದವೊಂದುಂಟು. ಈ ಲೇಖನದ ಉದ್ದೇಶ ಅದನ್ನು ಹೇಳುವುದೇ. ಕೊರಿಯಾದವರು ತಮ್ಮ ವೇತನವನ್ನು ಗಂಟೆಗೆ ಕಟ್ಟಿದರು; ನಾವು ದಿನಕ್ಕೆ ಅಥವಾ ತಿಂಗಳಿಗೆ ಕಟ್ಟಿದೆವು. ಗಂಟೆಗೆ ಬೆಲೆ ಕಟ್ಟಿದಲ್ಲಿ ಪ್ರತಿಯೊಂದು ಗಂಟೆಯೂ ಎಣಿಕೆಗೆ ಬರುತ್ತದೆ, ಅರ್ಧ ಗಂಟೆಯ ಮೋಸವೂ ಮೋಸವೆಂದೇ ಗೋಚರಿಸುತ್ತದೆ. ದಿನಕ್ಕೆ ಬೆಲೆ ಕಟ್ಟಿದಲ್ಲಿ ದಿನ ಹಿಗ್ಗುತ್ತದೆ. ಬೆಳಕು ಹರಿಯುವ ಮೊದಲೇ ಆಟೋ ಹತ್ತಿ, ಹೊತ್ತು ಮುಳುಗಿದ ಮೇಲೆ ಇಳಿದು, ನಡುವೆ ಎಷ್ಟು ಹೊತ್ತು ಬಗ್ಗಿದ್ದೆವೆಂದು ಕೇಳಿದರೆ 'ಒಂದು ದಿನ' ಎಂಬ ಉತ್ತರವೇ ಬರುವುದು.

ಕೊರಿಯಾದ ತಿಂಗಳ ವೇತನವನ್ನು ಲೆಕ್ಕಹಾಕುವ ಬಗೆಯನ್ನು ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಗಂಟೆಯ ದರವನ್ನು ಅವರು 209ರಿಂದ ಗುಣಿಸುತ್ತಾರೆ. 10,320ಕ್ಕೆ 2,156,880 ವೊನ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಮೂವತ್ತು ಸಾವಿರದ ಸುಮಾರು. ವಾರಕ್ಕೆ ನಲವತ್ತು ಗಂಟೆಯಾದರೆ ತಿಂಗಳಿಗೆ ನೂರ ಎಪ್ಪತ್ತನಾಲ್ಕು ತಾನೆ, 209 ಎಲ್ಲಿಂದ ಬಂತು? ವಾರದಲ್ಲಿ ಹದಿನೈದು ಗಂಟೆಗೆ ಕಡಮೆಯಿಲ್ಲದಂತೆ ಒಪ್ಪಿಕೊಂಡ ಕೆಲಸವನ್ನು ಪೂರೈಸಿದವನಿಗೆ ವಿಶ್ರಾಂತಿಯ ಒಂದು ದಿನಕ್ಕೂ ಸಂಬಳ ಕೊಡಬೇಕೆಂಬುದು ಅಲ್ಲಿನ ಕಾಯಿದೆ. ನಲವತ್ತಕ್ಕೆ ಆ ಎಂಟನ್ನು ಕೂಡಿಸಿ, ತಿಂಗಳ ವಾರಗಳಿಂದ ಗುಣಿಸಿದಾಗ 209 ಆಗುತ್ತದೆ. ಎಂದರೆ ಭಾನುವಾರ ಮನೆಯಲ್ಲಿ ಮಲಗಿದ್ದವನ ಎಂಟು ಗಂಟೆಗಳೂ ವೇತನದ ಪುಸ್ತಕದಲ್ಲಿ ಬರೆಯಲ್ಪಡುತ್ತವೆ. ನಮ್ಮಲ್ಲಿ ತಿಂಗಳ ಕನಿಷ್ಠ ವೇತನವನ್ನು 26ರಿಂದ ಭಾಗಿಸಿ ದಿನದ ದರವನ್ನು ತೆಗೆಯುವ ವಾಡಿಕೆಯಿದೆ. ರಜೆಯ ನಾಲ್ಕು ದಿನಗಳು ಅದರಲ್ಲಿ ಅಡಗಿವೆಯೆಂದು ವಾದಿಸಬಹುದು. ಆದರೆ ದಿನಗೂಲಿಯವಳ ಭಾನುವಾರ ಯಾವ ಭಾಗಾಕಾರದಲ್ಲಿಯೂ ಅಡಗಿಲ್ಲ.

ಬೇಸಿಗೆಯ ಒಂದು ಮುಂಜಾನೆ, ಬಿಸಿಲೇರುವ ಮೊದಲೇ ಕೆಲಸ ಮುಗಿಸಬೇಕೆಂದು ಆರು ಗಂಟೆಗೇ ಕಾಲುವೆಯ ಬದಿಯಲ್ಲಿ ಖಾತ್ರಿಯ ಕೆಲಸಕ್ಕೆ ಸೇರುವ ಹೆಂಗಸರ ಗುಂಪೊಂದನ್ನು ನೋಡಿದವರಿಗೆ, ದಿನದ ಲೆಕ್ಕದಲ್ಲಿ ಗಂಟೆ ಹೇಗೆ ಮರೆಯಾಗುತ್ತದೆಂಬುದು ತಿಳಿಯುತ್ತದೆ. ಮೊಬೈಲಿನಲ್ಲಿ ಹಾಜರಿಯ ಫೋಟೋ ತೆಗೆಯುವ ತನಕ ಎಲ್ಲರೂ ಸಾಲಾಗಿ ನಿಲ್ಲಬೇಕು. ಕೆಲಸದ ಅರ್ಧಕ್ಕೆ ಇನ್ನೊಂದು ಫೋಟೋ. 2023ರ ಜನವರಿಯಿಂದ ಈ ಎರಡು ಚಿತ್ರಗಳಿಲ್ಲದೆ ಹಾಜರಿಯಿಲ್ಲ. ಸಿಗ್ನಲ್ ಸಿಗದಿದ್ದರೆ ಗುಡ್ಡ ಹತ್ತಿ ಬರುವ ತನಕ ಕಾಯಬೇಕು. ಹಾಗೆಂದು ಹಾಜರಿ ಬಿದ್ದ ಮಾತ್ರಕ್ಕೆ 307 ಬಂದೀತೆಂದಲ್ಲ. ಕೂಲಿ ಬರುವುದು ಅಗೆದ ಗುಂಡಿಯ ಉದ್ದ, ಅಗಲ, ಆಳದ ಮೇಲೆ. ನೆಲ ಗಟ್ಟಿಯಾಗಿದ್ದರೆ ಆಳ ಕಡಮೆ, ಆಳ ಕಡಮೆಯಾದರೆ ಕೂಲಿ ಕಡಮೆ. "ಅಣ್ಣಾ, ಹೋದ ವಾರದ್ದು ಎಷ್ಟು ಬಿತ್ತು ನಮಗೆ?" ಎಂದು ವಯಸ್ಸಾದವಳೊಬ್ಬಳು ಗುಂಪಿನ ಮೇಲ್ವಿಚಾರಕನಾದ ಮೇಟಿಯನ್ನು ಕೇಳುತ್ತಾಳೆ. "ಅಳತೆ ಹಾಕವ್ರೆ ಅಕ್ಕಾ, ಬಂದ್ಮೇಲೆ ಗೊತ್ತಾಗ್ತದೆ" ಎಂಬುದು ಉತ್ತರ. ಫೋಟೋ ತೆಗೆದದ್ದು ದೇಹವನ್ನು. ಹಣ ಕೊಡುವುದು ಗುಂಡಿಗೆ. ಗಂಟೆ ಇವೆರಡರಲ್ಲಿಯೂ ಇಲ್ಲ.

ಎರಡು ದೇಶಗಳೂ ಒಂದೇ ಗೆರೆಯಿಂದ ಓಟವನ್ನು ಆರಂಭಿಸಿದವೆಂಬುದು ಮರೆತುಹೋದ ಸಂಗತಿ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಪ್ರಥಮ ಒಡಂಬಡಿಕೆಯಲ್ಲಿ ಜಗತ್ತಿಗೆ ವಾರದ 48 ಗಂಟೆಗಳನ್ನು ವಿಧಿಸಿದಾಗ, ಬ್ರಿಟಿಷ್ ಭಾರತಕ್ಕೆ ಪ್ರತ್ಯೇಕ ವಿಧಿಯೊಂದನ್ನು ಬರೆದು 60 ಗಂಟೆಗಳಿಗೆ ಅನುಮತಿ ಕೊಟ್ಟಿತು, ಆಗ ಕೊರಿಯಾವನ್ನು ಆಳುತ್ತಿದ್ದ ಜಪಾನಿಗೆ 57. ಉಷ್ಣದೇಶದ ಜನ ನಿಧಾನವಾಗಿ ದುಡಿಯುತ್ತಾರಾದ್ದರಿಂದ ಹೆಚ್ಚು ಹೊತ್ತು ದುಡಿಯಬೇಕೆಂಬ ತರ್ಕ ಗಿರಣಿಯ ಮಾಲೀಕರಿಗೆ ಆ ಕಾಲದಲ್ಲಿ ಬಹಳ ಪ್ರಿಯವಾಗಿತ್ತು. ನಮ್ಮ ಕಾರ್ಖಾನೆ ಕಾಯಿದೆ 1922ರಲ್ಲಿ ವಾರಕ್ಕೆ 60, ದಿನಕ್ಕೆ 11 ಗಂಟೆ ಎಂದಿತು, 1934ರಲ್ಲಿ 54 ಮತ್ತು 10 ಎಂದಿತು, ಡಾ. ಅಂಬೇಡ್ಕರರು ವೈಸ್‌ರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, 48 ಮತ್ತು 9ಕ್ಕೆ ಇಳಿಯಿತು. ಕನಿಷ್ಠ ವೇತನದ ಮಸೂದೆಯನ್ನು ಅವರು ಮಂಡಿಸಿದ್ದೂ ಅದೇ ವರ್ಷದ ಏಪ್ರಿಲಿನಲ್ಲಿ, ಕಾಯಿದೆಯಾದದ್ದು 1948ರಲ್ಲಿ.

ಅತ್ತ ಕೊರಿಯಾ ಜಪಾನಿನ ನೊಗದಿಂದ ಬಿಡುಗಡೆ ಹೊಂದಿದೊಡನೆ ಎರಡು ತುಂಡಾಗಿ, ಮೂರು ವರ್ಷಗಳ ಯುದ್ಧದಲ್ಲಿ ಬೆಂದು ಬೂದಿಯಾಗಿತ್ತು. ಆ ಯುದ್ಧದ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆಯನ್ನು ವಹಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುವುದುಂಟು. ಅಂದು ನಾವು ಆ ಬಡದೇಶದ ಜಗಳವನ್ನು ಬಿಡಿಸಲು ಹೋದವರು. ಅದೇ 1953ರಲ್ಲಿ ದಕ್ಷಿಣ ಕೊರಿಯಾ ತನ್ನ ಕಾರ್ಮಿಕ ಮಾನದಂಡ ಕಾಯಿದೆಯನ್ನು ಮಾಡಿ, ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. ಹೀಗೆ ಎರಡೂ ದೇಶಗಳ ಪುಸ್ತಕದಲ್ಲಿ ಒಂದೇ ಸಂಖ್ಯೆ ಬಿತ್ತು. ಎರಡೂ ದೇಶಗಳಲ್ಲಿ ಬಹುಮಂದಿಗೆ ಅದು ಪುಸ್ತಕದಲ್ಲಿಯೇ ಉಳಿಯಿತು.

ಆ ಪುಸ್ತಕವನ್ನು ತೆರೆದು ಓದಿದ ಒಬ್ಬ ದರ್ಜಿಯ ಕಥೆಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. ಸೋಲ್ ನಗರದ ಪ್ಯೊಂಗ್‌ಹ್ವಾ ಮಾರುಕಟ್ಟೆಯ ಮಹಡಿಗಳಲ್ಲಿ, ನೆಟ್ಟಗೆ ನಿಲ್ಲಲೂ ಎತ್ತರವಿಲ್ಲದ ಅಟ್ಟಗಳ ಕೆಳಗೆ, ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯರು ದಿನಕ್ಕೆ ಹದಿನಾಲ್ಕು ಗಂಟೆಗಳ ಕಾಲ ಬಟ್ಟೆಯ ಧೂಳನ್ನು ಉಸಿರಾಡುತ್ತ ಹೊಲಿಯುತ್ತಿದ್ದ ಕಾಲ. ಅಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದ ಚೊನ್ ತೇ-ಇಲ್ ಎಂಬ ಯುವಕ ಬಸ್ಸಿನ ಹಣದಿಂದ ಆ ಹುಡುಗಿಯರಿಗೆ ತಿಂಡಿ ಕೊಡಿಸಿ, ತಾನು ಗಂಟೆಗಟ್ಟಲೆ ನಡೆದು ಮನೆ ಸೇರುತ್ತಿದ್ದನಂತೆ. ಇಂತಹ ಕಾಯಿದೆಯೊಂದು ಇದೆಯೆಂದು ತಂದೆಯಿಂದ ತಿಳಿದು ಪುಸ್ತಕವನ್ನು ಕೊಂಡನು. ಚೀನೀ ಅಕ್ಷರಗಳಿಂದ ತುಂಬಿದ ಅದರ ಪುಟಗಳು ಶಾಲೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಸುಲಭವಾಗಿ ಅರ್ಥವಾಗಲಿಲ್ಲ. ಕಾಲೇಜು ಓದಿದ ಗೆಳೆಯನೊಬ್ಬನಿದ್ದಿದ್ದರೆ ಎಂದು ಹಂಬಲಿಸಿದನು. ಅಕ್ಷರ ಅಕ್ಷರವಾಗಿ ಓದಿ ತಿಳಿದ ಮೇಲೆ ಸಹೋದ್ಯೋಗಿಗಳಿಗೆ ಪ್ರಶ್ನಾವಳಿಯನ್ನು ಹಂಚಿ, ಎಷ್ಟು ಗಂಟೆ ದುಡಿಯುತ್ತೀರಿ, ಎಷ್ಟು ರಜೆ, ಕಣ್ಣು ಹೇಗಿದೆ, ಎದೆ ಹೇಗಿದೆ ಎಂದು ಬರೆಸಿಕೊಂಡು, ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟನು. ಫಲವಾಗಲಿಲ್ಲ. 1970ರ ನವೆಂಬರ್ 13ರಂದು, ಜಾರಿಯಾಗದ ಆ ಕಾಯಿದೆಯ ಪುಸ್ತಕವನ್ನು ಬಹಿರಂಗವಾಗಿ ಸುಡಲು ಗೆಳೆಯರೊಡನೆ ಬಂದವನು, ಪೊಲೀಸರು ತಡೆದಾಗ ತನ್ನ ಮೈಗೇ ಬೆಂಕಿ ಹಚ್ಚಿಕೊಂಡು, ಕಾಯಿದೆಯನ್ನು ಪಾಲಿಸಿರೆಂದು ಕೂಗುತ್ತ ಬಿದ್ದನು. ವಯಸ್ಸು ಇಪ್ಪತ್ತೆರಡು. ಹೊಸ ಕಾಯಿದೆಯನ್ನು ಅವನು ಬೇಡಿರಲಿಲ್ಲ. ಇದ್ದದ್ದನ್ನೇ ಬೇಡಿದ್ದನು.

ಅದಾದ ಮೇಲೂ ಕನಿಷ್ಠ ವೇತನದ ಕಾಯಿದೆ ಬರಲು ಹದಿನಾರು ವರ್ಷ ಹಿಡಿಯಿತು. 1986ರ ಕೊನೆಯ ದಿನ ಅಂಗೀಕಾರವಾಗಿ, 1987ರ ಬೇಸಿಗೆಯಲ್ಲಿ ಕಾರ್ಖಾನೆ ಕಾರ್ಖಾನೆಗೂ ಹಬ್ಬಿದ ಮಹಾಮುಷ್ಕರಗಳ ಬೆನ್ನಿಗೆ, 1988ರ ಜನವರಿಯಿಂದ ಜಾರಿಗೆ ಬಂದಾಗ ಗಂಟೆಯ ಕನಿಷ್ಠ ದರ 462.5 ವೊನ್. ನಮ್ಮ ಕಾಯಿದೆಗೆ ಆ ವೇಳೆಗೆ ನಲವತ್ತು ವರ್ಷ ವಯಸ್ಸು. ಹಿರಿಯರು ನಾವೇ. ಕಾಗದದ ಮೇಲೆ ಉದಾರಿಗಳೂ ನಾವೇ: ಹೆಚ್ಚುವರಿ ಗಂಟೆಗೆ, ಎಂದರೆ ಕಾರ್ಮಿಕರು ಓಟಿ ಎನ್ನುವುದಕ್ಕೆ, ಕೊರಿಯಾದಲ್ಲಿ ಒಂದೂವರೆ ಪಟ್ಟು, ನಮ್ಮಲ್ಲಿ ಎರಡು ಪಟ್ಟು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕುಟುಂಬಕ್ಕೆ ಮೂರು ಪಾಲಿನ ಅನ್ನ, ತಲೆಗೆ 2,700 ಕ್ಯಾಲೊರಿ, ವರ್ಷಕ್ಕೆ 72 ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ ದೀಪಗಳಿಗೆ ಐದರಲ್ಲೊಂದು ಪಾಲು ಎಂದು ಗೃಹಿಣಿಯ ಎಚ್ಚರದಿಂದ ಲೆಕ್ಕವಿಟ್ಟಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಕ್ಕಳ ಓದು, ಔಷಧ, ಮದುವೆ, ಮುಪ್ಪುಗಳಿಗೆಂದು ನೂರಕ್ಕೆ ಇಪ್ಪತ್ತೈದನ್ನು ಕೂಡಿಸಿತು. ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಸರಿ ಎಂದು ಅದೇ ನ್ಯಾಯಾಲಯ 1982 ಮತ್ತು 1983ರಲ್ಲಿ ಸಾರಿತ್ತು. ಇಷ್ಟು ಸುಂದರವಾದ ತೀರ್ಪುಗಳು ಕೊರಿಯಾದವರಿಗೆ ಇವೆಯೋ ಇಲ್ಲವೋ.

ಅವರಿಗಿರುವುದು ಪಂಚಾಂಗ. ಒಂಬತ್ತು ಜನ ಕಾರ್ಮಿಕರ ಕಡೆಯವರು, ಒಂಬತ್ತು ಜನ ಮಾಲೀಕರ ಕಡೆಯವರು, ಒಂಬತ್ತು ಜನ ತಟಸ್ಥರು ಕೂಡಿದ ಇಪ್ಪತ್ತೇಳು ಮಂದಿಯ ಆಯೋಗ ಪ್ರತಿವರ್ಷ ವಸಂತದಲ್ಲಿ ಕಲೆಯಬೇಕು. ಕೊನೆಗೆ ಆಗಸ್ಟ್ 5ರೊಳಗೆ ಮಂತ್ರಿ ಮುಂದಿನ ವರ್ಷದ ಅಂಕಿಯನ್ನು ಪ್ರಕಟಿಸಲೇಬೇಕು. ಜನವರಿ 1ರಂದು ಅದು ಜಾರಿ. ಆ ತಿಂಗಳುಗಳಲ್ಲಿ ಹತ್ತು ವೊನ್ ಏರಿತೇ ಇಳಿಯಿತೇ ಎಂಬುದು ಟೀವಿಯ ಮೊದಲ ಸುದ್ದಿ. ಒಂದು ಬಣ ಸಭೆಯಿಂದ ಎದ್ದುಹೋಗುವುದು, ಮಧ್ಯರಾತ್ರಿ ದಾಟಿ ಮತ ಹಾಕುವುದು ವಾಡಿಕೆ. 2026ರ ಅಂಕಿ 2008ರ ತರುವಾಯ ಪ್ರಥಮ ಬಾರಿಗೆ ಮತವಿಲ್ಲದೆ ಒಮ್ಮತದಿಂದ ನಿಶ್ಚಿತವಾಯಿತೆಂಬುದೇ ಒಂದು ಸುದ್ದಿಯಾಯಿತು, ಅದಕ್ಕೂ ಮುನ್ನ ಒಂದು ಕಾರ್ಮಿಕ ಒಕ್ಕೂಟದವರು ಹೊರನಡೆದಿದ್ದರೆಂಬುದು ಬೇರೆ ಮಾತು. ನಮ್ಮ ಹಳೆಯ ಕಾಯಿದೆಯಲ್ಲಿಯೂ ತ್ರಿಪಕ್ಷ ಸಮಿತಿಯಿತ್ತು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ಗಡುವೂ ಇತ್ತು. ಆದರೆ ಗಡುವನ್ನು ಮೀರಿದ ಸರ್ಕಾರಕ್ಕೆ ಏನಾಗುತ್ತದೆಂಬುದು ಅದರಲ್ಲಿ ಇರಲಿಲ್ಲ. ಕರ್ನಾಟಕದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಈ ಕಡೆಯಿಂದ ದೊಡ್ಡಬಳ್ಳಾಪುರಕ್ಕೂ ಗೌರಿಬಿದನೂರಿಗೂ ರೈಲು ವ್ಯಾನುಗಳಲ್ಲಿ ಹೋಗಿಬರುವ ಹೆಂಗಸರಿಗೆ ಒಂದು ತಿಂಗಳ ಗ್ಯಾಸಿನ ಅರ್ಧ. ಅದು ಲಕ್ಷಾಂತರ ಮಂದಿಯ ಕೈ ಸೇರಲು ಹೋರಾಟ, ನ್ಯಾಯಾಲಯ, ಪರದೇಶದ ಖರೀದಿದಾರರ ಒತ್ತಾಯ ಎಲ್ಲವೂ ಬೇಕಾಗಿ ಎರಡು ವರ್ಷವೇ ಸಂದಿತು. ಖಾತ್ರಿಯ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಮೆಯಿರಕೂಡದೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2011ರಲ್ಲಿ ಹೇಳಿತು; ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನು ಕೊಡಲೂ ಒಪ್ಪಲಿಲ್ಲ; ಆದರೂ ಎರಡು ದರಗಳು ಎರಡು ದಾರಿಗಳಲ್ಲಿಯೇ ನಡೆದವು.

ಕೊರಿಯಾವನ್ನು ಸ್ವರ್ಗವೆಂದು ಬಣ್ಣಿಸುವುದು ನನ್ನ ಇರಾದೆಯಲ್ಲ. ಅಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇಂದಿಗೂ ಕನಿಷ್ಠ ವೇತನ ದೊರೆಯುತ್ತಿಲ್ಲವೆಂದು ಆಯೋಗದ ವರದಿಗಳೇ ಹೇಳುತ್ತವೆ. ವಾರದ ರಜೆಯ ಸಂಬಳವನ್ನು ತಪ್ಪಿಸಲೆಂದೇ ಅಂಗಡಿಯವರು ಒಂದು ಕೆಲಸವನ್ನು ಹದಿನಾಲ್ಕು ಹದಿನಾಲ್ಕು ಗಂಟೆಗಳ ತುಂಡುಗಳಾಗಿ ಒಡೆದು ವಿದ್ಯಾರ್ಥಿಗಳಿಗೆ ಹಂಚುತ್ತಾರೆ. ಐವರಿಗಿಂತ ಕಡಮೆ ಆಳುಗಳಿರುವ ಕಡೆ ಗಂಟೆಯ ಮಿತಿಯೇ ಅನ್ವಯಿಸದು. ಓಟಿಯನ್ನೆಲ್ಲ ಮೊದಲೇ ಸಂಬಳದೊಳಗೆ ಸೇರಿಸಿದ್ದೇವೆಂದು ಹೇಳಿ ಗಂಟೆಯನ್ನು ಮರೆಮಾಡುವ ಒಪ್ಪಂದಗಳೂ ಧಾರಾಳ. 2018ರಲ್ಲಿ ಒಂದೇ ಏಟಿಗೆ ನೂರಕ್ಕೆ ಹದಿನಾರರಷ್ಟು ವೇತನವೇರಿದಾಗ ಸಣ್ಣ ಊಟದ ಮನೆಗಳವರು ಬೀದಿಗಿಳಿದರು. ಅವರ ಅಳಲು ಸುಳ್ಳಾಗಿರಲಿಲ್ಲ. ಅತಿದುಡಿಮೆಯಿಂದ ಬರುವ ಸಾವಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ. ವರ್ಷಕ್ಕೆ ಸುಮಾರು 1,870 ಗಂಟೆ ದುಡಿಯುವ ಆ ಜನ ಶ್ರೀಮಂತ ದೇಶಗಳ ಸರಾಸರಿಗಿಂತ ನೂರಕ್ಕೂ ಮಿಕ್ಕ ಗಂಟೆ ಹೆಚ್ಚು ದುಡಿಯುತ್ತಾರೆ. ಮಕ್ಕಳನ್ನು ಹೆರುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದಾರೆ. 2024ರಲ್ಲಿ ಕೊರಿಯನ್ ಕಂಪನಿಯಾದ ಸ್ಯಾಮ್‌ಸಂಗ್‌ನ ನೌಕರರು ಜುಲೈನಲ್ಲಿ ಕೊರಿಯಾದಲ್ಲಿಯೂ, ಸೆಪ್ಟೆಂಬರಿನಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿಯೂ ಮುಷ್ಕರ ಹೂಡಿದರು. ಶ್ರೀಪೆರಂಬುದೂರಿನದು 37 ದಿನ ನಡೆಯಿತು, ಸಂಬಳದಷ್ಟೇ ಸಂಘಕ್ಕೆ ಮಾನ್ಯತೆ ಬೇಕೆಂಬುದಕ್ಕಾಗಿಯೂ.

ಆದರೆ ದಿಕ್ಕನ್ನು ನೋಡಬೇಕು. 48 ಗಂಟೆಗಳಿಂದ ಹೊರಟ ಕೊರಿಯಾ 1989ರಲ್ಲಿ 44ಕ್ಕೆ ಇಳಿಯಿತು; 2004ರಿಂದ ಹಂತಹಂತವಾಗಿ 40ಕ್ಕೆ ಬಂದಿತು; 2018ರಲ್ಲಿ ಓಟಿಯನ್ನೂ ಸೇರಿಸಿ ವಾರಕ್ಕೆ 52 ಮೀರಕೂಡದೆಂದು ಕಟ್ಟು ಹಾಕಿತು. 2023ರ ಮಾರ್ಚಿನಲ್ಲಿ ಸರ್ಕಾರ ಆ ಕಟ್ಟನ್ನು 69ರ ತನಕ ಸಡಿಲಿಸಲು ಹೊರಟಾಗ ಯುವಜನರು ಎಬ್ಬಿಸಿದ ಕೋಲಾಹಲಕ್ಕೆ ಅಂಜಿ ಹಿಂದೆಗೆಯಿತು. ಈಗ ಅಲ್ಲಿ ವಾರಕ್ಕೆ ನಾಲ್ಕೂವರೆ ದಿನದ ಪ್ರಸ್ತಾಪ. ಕಿಯಾದ ಕೊರಿಯಾ ಕಾರ್ಖಾನೆಗಳಲ್ಲಿ ರಾತ್ರಿಯಿಡೀ ನಡೆಯುವ ಪಾಳಿ 2013ರ ಮಾರ್ಚಿನಲ್ಲಿ ರದ್ದಾಯಿತು; ಸಂಘ ವರ್ಷಗಟ್ಟಲೆ ಬೇಡಿ ಪಡೆದದ್ದು. ಎರ್ರಮಂಚಿಯಲ್ಲಿ 2022ರಲ್ಲಿ ಮೂರನೆಯ ಪಾಳಿ ಆರಂಭವಾಯಿತು. ಇದರಲ್ಲಿ ಕಾಯಿದೆಯ ಉಲ್ಲಂಘನೆಯೇನೂ ಇಲ್ಲ. ನಿದ್ದೆಯ ಬೆಲೆ ಎರಡು ಕಡೆ ಎರಡು ಬಗೆ, ಅಷ್ಟೆ.

ಇತ್ತ ನಮ್ಮ ವಾರ 1946ರಿಂದ 48ರಲ್ಲಿಯೇ ನಿಂತಿದೆ, ದಿನ ಮಾತ್ರ ಬೆಳೆಯುತ್ತಿದೆ. 2023ರಲ್ಲಿ ಕರ್ನಾಟಕ ತನ್ನ ಕಾರ್ಖಾನೆ ಕಾಯಿದೆಯನ್ನು ತಿದ್ದಿ ದಿನಕ್ಕೆ 12 ಗಂಟೆಗಳ ತನಕ ದುಡಿಸಲು ದಾರಿ ಮಾಡಿತು. ಅದೇ ವರ್ಷ ತಮಿಳುನಾಡು ಅಂತಹುದೇ ಮಸೂದೆಯನ್ನು ಅಂಗೀಕರಿಸಿ, ಪ್ರತಿಭಟನೆಯಾದ ಮೇಲೆ ಹಿಂತೆಗೆದುಕೊಂಡಿತು. 2025ರಲ್ಲಿ ಆಂಧ್ರಪ್ರದೇಶ ದಿನದ ಮಿತಿಯನ್ನು 9ರಿಂದ 10ಕ್ಕೆ, ವಿರಾಮಗಳೂ ಸೇರಿದ ಒಟ್ಟು ಅವಧಿಯನ್ನು 12 ಗಂಟೆಗೆ, ಮೂರು ತಿಂಗಳ ಓಟಿಯ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಹತ್ತು ಗಂಟೆ ಎಂಬುದು 1934ರ ಇಂಗ್ಲಿಷರ ಕಾಯಿದೆಯ ಅಂಕಿ. ಅದನ್ನು ಸುಧಾರಣೆಯೆಂದು ಕರೆಯುವುದಕ್ಕೆ ತೊಂಬತ್ತೊಂದು ವರ್ಷಗಳ ಮರೆವು ಬೇಕು. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಿರೆಂದು ಯುವಕರಿಗೆ ಉಪದೇಶಿಸಿದ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುದ್ಧಾನಂತರದ ಜಪಾನ್ ಜರ್ಮನಿಗಳನ್ನು ಉದಾಹರಿಸಿದರು. ಮಹನೀಯರ ಶ್ರಮಶ್ರದ್ಧೆಯ ವಿಷಯದಲ್ಲಿ ಸಂದೇಹವಿಲ್ಲ, ಆದರೆ ನೀರು, ಸೌದೆ, ಅಡುಗೆ, ದನಕರುಗಳ ಕೆಲಸವನ್ನು ಕೂಡಿಸಿದರೆ ರೊದ್ದಂನ ಹೆಂಗಸು ಆ ಎಪ್ಪತ್ತನ್ನು ಶುಕ್ರವಾರಕ್ಕೇ ಮುಗಿಸಿರುತ್ತಾಳೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ ಎರಡು ಹಿರಿಯ ಕಾಯಿದೆಗಳು, ಕನಿಷ್ಠ ವೇತನದ್ದೂ ಕಾರ್ಖಾನೆಯದೂ, ನಿವೃತ್ತಿ ಹೊಂದಿದವು. ಇವುಗಳಲ್ಲಿ ಮೆಚ್ಚತಕ್ಕ ಅಂಶವೊಂದಿದೆ: ಪಟ್ಟಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ಎಂಬ ಹಳೆಯ ಬೇಲಿ ಹೋಗಿ ಎಲ್ಲ ಉದ್ಯೋಗಗಳಿಗೂ ಅದು ಅನ್ವಯಿಸುತ್ತದೆ, ದೇಶಕ್ಕೆಲ್ಲ ಒಂದು ತಳಮಟ್ಟದ ವೇತನಕ್ಕೆ ಕಾಯಿದೆಯ ಬಲ ದೊರೆಯುತ್ತದೆ. ಇದುವರೆಗೆ ಆ ತಳಮಟ್ಟ ಬರಿಯ ಸಲಹೆಯಾಗಿ, ದಿನಕ್ಕೆ 178 ರೂಪಾಯಿಯಲ್ಲಿ ವರ್ಷಾನುಗಟ್ಟಲೆ ಮಲಗಿತ್ತು.

ಹಿಂದೂಪುರದ ಕಡೆಯ ಕೈಗಾರಿಕಾ ಪ್ರದೇಶವೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವ ಹುಡುಗನೊಬ್ಬ ತನ್ನ ವೇತನದ ಚೀಟಿಯನ್ನು ನನಗೆ ತೋರಿಸಿದ್ದನು. ಅಂಗೈಯಗಲದ ಕಾಗದ. ಬೇಸಿಕ್ ಒಂದು ಸಾಲು, ವಿಡಿಎ, ಎಂದರೆ ತುಟ್ಟಿಭತ್ಯೆ, ಒಂದು ಸಾಲು, ಹಾಜರಿ 26 ದಿನ, ಪಿಎಫ್ ನೂರಕ್ಕೆ ಹನ್ನೆರಡು ಕಡಿತ, ಇಎಸ್‌ಐ ನೂರಕ್ಕೆ ಮುಕ್ಕಾಲು ಕಡಿತ, ಕ್ಯಾಂಟೀನು ಕಡಿತ, ಬಟವಾಡೆ ಇಷ್ಟು. "ಡ್ಯೂಟಿ ಎಷ್ಟು ಗಂಟೆ ಮಾಡಿದ್ದಪ್ಪಾ?" ಎಂದರೆ, "ಅದು ಇದರಾಗೆ ಬರಲ್ಲ ಸಾರ್, ಗೇಟಿನಾಗೆ ಪಂಚಿಂಗ್ ಐತೆ" ಎಂದನು. ಕೊರಿಯಾದಲ್ಲಿ 2021ರ ನವೆಂಬರಿನಿಂದ ಪ್ರತಿಯೊಬ್ಬ ಮಾಲೀಕನೂ ಸಂಬಳದ ಜತೆಗೆ ವಿವರಪತ್ರವನ್ನು ಕೊಡಲೇಬೇಕು. ಓಟಿ, ರಾತ್ರಿಯ ದುಡಿಮೆ, ರಜೆಯ ದುಡಿಮೆಗಳು ಎಷ್ಟೆಷ್ಟು ಗಂಟೆಯೆಂದು ಅದರಲ್ಲಿ ನಮೂದಾಗಬೇಕು, ಒಬ್ಬನೇ ಆಳಿದ್ದರೂ ಚೀಟಿಯನ್ನು ಕೊಡುವುದು ತಪ್ಪದು. ನಮ್ಮ ವೇತನ ಸಂಹಿತೆಯೂ ಚೀಟಿಯನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಗಂಟೆಯ ಅಂಕಣವನ್ನು ಸೇರಿಸುವುದಕ್ಕೆ ಸರ್ಕಾರದ ಬೊಕ್ಕಸದಿಂದ ಕಾಸು ಖರ್ಚಾಗುವುದಿಲ್ಲ. ದರದ ಪ್ರಕಟಣೆಯಲ್ಲಿ ದಿನಕ್ಕೆ ಇಷ್ಟು ಎಂಬುದರ ಪಕ್ಕದಲ್ಲಿ ಗಂಟೆಗೆ ಇಷ್ಟು ಎಂದು ಬರೆಯುವುದಕ್ಕೂ, ಅದನ್ನು ಮಡಕಶಿರ ರೊದ್ದಂಗಳ ಪಂಚಾಯಿತಿ ಗೋಡೆಯ ಮೇಲೆ ತೆಲುಗಿನ ಜತೆಗೆ ಕನ್ನಡದಲ್ಲಿಯೂ ಅಂಟಿಸುವುದಕ್ಕೂ ಒಂದು ಡಬ್ಬಿ ಅಂಟು ಸಾಕು. ಎರಡು ಪಟ್ಟು ಓಟಿ ಕೊಡಬೇಕೆಂಬ ಕಾಯಿದೆ ಇರುವ ದೇಶದಲ್ಲಿ ಎಷ್ಟು ಗಂಟೆಗೆ ಎರಡು ಪಟ್ಟು ಎಂಬುದು ಕಾರ್ಮಿಕನ ಕೈಯ ಕಾಗದದಲ್ಲಿ ಇಲ್ಲದಿದ್ದರೆ ಅವನು ಯಾವ ಕಚೇರಿಗೆ ಹೋಗಿ ಏನೆಂದು ಕೇಳಬೇಕು?